ಬೇಕಲ: ಗಡಿಯ ಕೋಟೆ, ಕಡಲ ಊರು

ಸುಳ್ಯ ಸೀಮೆಯ ಮಂಡೆಕೋಲಿನ ಬದಿಯಲ್ಲಿ ಹರಿಯುವ ಪಯಸ್ವಿನಿ ಹೊಳೆಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯ ದಾಟಿ, ಜಾಲ್ಸೂರಿನಾಚೆ ಕೇರಳ ಹೊಕ್ಕು, ಆದೂರನ್ನು ಬಳಸಿ ಚಂದ್ರಗಿರಿ ಹೊಳೆಯನ್ನು ಕೂಡುತ್ತದೆ. ಕಾಸರಗೋಡು ಪೇಟೆಯ ತೆಂಕು ಮಗ್ಗುಲಲ್ಲಿ ಆ ಹೊಳೆ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಅಳಿವೆ ದಾಟಿ ಕರಾವಳಿ ರಸ್ತೆ ಹಿಡಿದರೆ ಮೇಲ್ಪರಂಬ, ಉದುಮ, ಪಾಲಕುನ್ನು, ಆಮೇಲೆ ಬೇಕಲ. ಕಾಸರಗೋಡಿನಿಂದ 16 ಕಿ.ಮೀ. ದಾರಿ. ಸುಳ್ಯ ಸೀಮೆಯವರಿಗೆ ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ಹತ್ತಿರದ ಕಡಲು.

ಶಾಲಾ ಪ್ರವಾಸದ ಬಸ್ಸಿನಲ್ಲಿ, ಮದುವೆಗೆ ಮುಂಚಿನ ಫೋಟೋಶೂಟಿಗೆ, ರಜೆಯ ಭಾನುವಾರಕ್ಕೆ ನಮ್ಮವರು ಬೇಕಲಕ್ಕೆ ಹೋಗುತ್ತಲೇ ಇರುತ್ತಾರೆ. ಕೋಟೆಯ ಕೊತ್ತಲದ ಮೇಲೆ ನಿಂತು ಪಟ ತೆಗೆದು, ಪಳ್ಳಿಕೆರೆಯ ಮರಳಲ್ಲಿ ಕಾಲು ನೆನೆಸಿ, ಚಹಾ ಕುಡಿದು ಬರುತ್ತಾರೆ. ಈ ಕೋಟೆ ಕಟ್ಟಿಸಿದ ದೊರೆಗಳ ರಾಜಧಾನಿ ಶಿವಮೊಗ್ಗದ ಮಲೆನಾಡಿನಲ್ಲಿತ್ತು, ಕಾವಲಿಗೆಂದು ಬಂದವರ ಮನೆಗಳಲ್ಲಿ ಇವತ್ತಿಗೂ ಕನ್ನಡ ಮಾತಾಡುತ್ತಾರೆ, ಒಂದು ಕಾಲದಲ್ಲಿ ಇದೊಂದು ತಾಲೂಕು ಕೇಂದ್ರವಾಗಿತ್ತು ಎಂಬುದು ಆ ಗಡಿಬಿಡಿಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಬೇಕಲದ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಊರನ್ನು ಪ್ರತಿ ಸಲವೂ ಕಟ್ಟಿದ್ದು ದೂರದವರ ಗರಜು. ಕೋಟೆ ಕಟ್ಟಿಸಿದ ಇಕ್ಕೇರಿಯ ನಾಯಕರಿಗೆ ತೆಂಕಣ ಗಡಿ ಕಾಯಬೇಕಿತ್ತು, ಮೈಸೂರಿನವರಿಗೆ ಮಲಬಾರಿಗೆ ಇಳಿಯುವ ಮೆಟ್ಟಿಲು ಬೇಕಿತ್ತು, ಈಸ್ಟ್ ಇಂಡಿಯಾ ಕಂಪನಿಯವರಿಗೆ ಕಂದಾಯದ ಕಚೇರಿ ಬೇಕಿತ್ತು, ಈ ಕಾಲದ ಸರ್ಕಾರಕ್ಕೆ ಪ್ರವಾಸಿ ಬೇಕು. ಒಂದೊಂದು ಗರಜು ತೀರಿದಾಗಲೂ ಕೋಟೆ ಹಾಳು ಬಿತ್ತು. ಊರು ಮಾತ್ರ ಬೀಳಲಿಲ್ಲ.

ಅಕ್ಕಿಯ ಕಡಲು

ಕೋಟೆಗಿಂತ ಮೊದಲು ಕಡಲ ವ್ಯಾಪಾರವಿತ್ತು. ಹದಿನಾರನೇ ಶತಮಾನದ ಆರಂಭದಲ್ಲಿ ಈ ತೀರದ ಬಗ್ಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸ ಕುಂಬಳೆಯನ್ನು ಹೆಸರಿಸಿ ಹೇಳುತ್ತಾನೆ. ಅಲ್ಲಿ ಬೆಳೆಯುವ ಕೀಳು ದರ್ಜೆಯ ಕಪ್ಪು ಅಕ್ಕಿಯನ್ನು ಮಾಲ್ದೀವ್ಸಿಗೆ ಒಯ್ದು, ಬದಲಿಗೆ ತೆಂಗಿನ ನಾರು ತರುತ್ತಿದ್ದರಂತೆ. ಆ ಕಾಲದ ಹಡಗುಗಳ ಹಗ್ಗಕ್ಕೆ ನಾರು ಬೇಕು, ಭತ್ತ ಬೆಳೆಯದ ದ್ವೀಪಗಳಿಗೆ ಅಕ್ಕಿ ಬೇಕು. ಕುಂಬಳೆಯ ಗದ್ದೆಗೂ ಹಿಂದೂ ಮಹಾಸಾಗರದ ನಡುವಿನ ದ್ವೀಪಕ್ಕೂ ಹೀಗೆ ನಂಟು.

ಉತ್ತರಕ್ಕೆ ಹೋದಂತೆ ವ್ಯಾಪಾರ ಇನ್ನೂ ದೊಡ್ಡದು. ಮಂಗಳೂರು, ಬಸರೂರು, ಹೊನ್ನಾವರಗಳಿಂದ ಅಕ್ಕಿ ಮತ್ತು ಕಾಳುಮೆಣಸು ಹೊರಡುತ್ತಿದ್ದವು. ಗೋವೆಯ ಪೋರ್ಚುಗೀಸರ ಊಟದ ಬಟ್ಟಲು ಕನ್ನಡ ಕರಾವಳಿಯ ಅಕ್ಕಿಯನ್ನೇ ನಂಬಿತ್ತು. ಅದಕ್ಕೆಂದೇ ಅವರು 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿ ಕೂತರು, ಉಳ್ಳಾಲದ ಅಬ್ಬಕ್ಕನ ಮೇಲೆ ಏರಿ ಹೋದರು. ಯಾರ ಕೈಯಲ್ಲಿ ಬಂದರಿದೆಯೋ ಅವರ ಕೈಯಲ್ಲಿ ಸುಂಕ, ಅವರ ಕೈಯಲ್ಲೇ ಬೆಲೆ.

1565ರಲ್ಲಿ ವಿಜಯನಗರ ಕುಸಿದ ಮೇಲೆ ಈ ಕರಾವಳಿಯ ಮೇಲೆ ಘಟ್ಟದ ಮೇಲಿಂದ ಬಿದ್ದ ಕಣ್ಣು ಕೆಳದಿಯ ನಾಯಕರದು. ಅವರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಮುಂದೆ ಬಿದನೂರಿಗೆ ಸರಿಯಿತು; ಮೂರೂ ಮಳೆಕಾಡಿನ ಊರುಗಳು. ಮೆಣಸು ಅಲ್ಲೇ ಬೆಳೆಯುತ್ತಿತ್ತು, ಆದರೆ ಹಣವಾಗಲು ಅದು ಘಟ್ಟ ಇಳಿದು ಹಡಗು ಹತ್ತಬೇಕು. ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ, ಗೋವೆಯ ರಾಯಭಾರಿಗಳ ಜತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇಕ್ಕೇರಿಗೆ ಬಂದ. ಪೋರ್ಚುಗೀಸರು ಕಾಡೂರಿನ ರಾಜನ ಬಾಗಿಲಿಗೆ ರಾಯಭಾರ ಕಳಿಸಬೇಕಾಯಿತು ಎಂದರೆ ಮೆಣಸಿನ ತಕ್ಕಡಿ ಯಾವ ಕಡೆ ವಾಲಿತ್ತೆಂದು ಊಹಿಸಬಹುದು.

ಶಿವಪ್ಪ ನಾಯಕನ ಸಾಲುಕೋಟೆ

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ರಾಯಭಾರಕ್ಕೆ ಕಾಯಲಿಲ್ಲ. ಕುಂದಾಪುರ, ಹೊನ್ನಾವರ, ಮಂಗಳೂರಿನ ಪೋರ್ಚುಗೀಸ್ ನೆಲೆಗಳನ್ನು 1650ರ ದಶಕದ ಮೊದಲ ವರ್ಷಗಳಲ್ಲೇ ಕಿತ್ತುಕೊಂಡ. ಬಡಗಿನಲ್ಲಿ ಹಾಗೆ ಬಂದರು ಗೆದ್ದವನಿಗೆ ತೆಂಕಿನಲ್ಲಿ ಬೇರೊಂದು ಚಿಂತೆ. ಚಂದ್ರಗಿರಿಯ ಆಚೆ ಕೋಲತ್ತಿರಿ ಅರಸರ ಸೀಮೆ, ಮಾತು ಮಲಯಾಳ. ಅಲ್ಲಿಂದ ಬರುವ ಸೇನೆಯನ್ನೂ ಕಡಲಿಂದ ಬರುವ ಹಡಗನ್ನೂ ಒಟ್ಟಿಗೆ ನೋಡಬಲ್ಲ ಜಾಗ ಬೇಕಿತ್ತು.

ಚಂದ್ರಗಿರಿ ಹೊಳೆಯ ದಡದ ಗುಡ್ಡದಲ್ಲಿ ಒಂದು ಕೋಟೆ ಎದ್ದಿತು. ಅದರ ತೆಂಕಿಗೆ, ಕಡಲಿನೊಳಗೆ ಚಾಚಿದ ಬಂಡೆಯ ನೆತ್ತಿಯ ಮೇಲೆ ಎದ್ದದ್ದು ಬೇಕಲ. ಮುಂದೆ ಎರಡನೆಯ ಸೋಮಶೇಖರ ನಾಯಕನ ಕಾಲದಲ್ಲಿ, 1732ರ ಹೊತ್ತಿಗೆ, ಇನ್ನೂ ತೆಂಕಿಗೆ ಹೊಸದುರ್ಗದ ಕೋಟೆ ಸೇರಿತು. ಅದೇ ಇವತ್ತಿನ ಕಾಞಂಗಾಡು. ಮಂಗಳೂರಿನಿಂದ ತೆಂಕಕ್ಕೆ ಕುಂಬಳೆ, ಕಾಸರಗೋಡು, ಚಂದ್ರಗಿರಿ, ಬೇಕಲ, ಹೊಸದುರ್ಗ ಎಂದು ಕೋಟೆಗಳ ಸಾಲು ಸಿದ್ಧವಾಯಿತು.

ಬೇಕಲವನ್ನು ಕಟ್ಟಿಸಿದವರು ಯಾರು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವರು ಹಿರಿಯ ವೆಂಕಟಪ್ಪ ಆರಂಭಿಸಿ ಶಿವಪ್ಪ ನಾಯಕ 1650ರ ಸುಮಾರಿಗೆ ಮುಗಿಸಿದ ಎನ್ನುತ್ತಾರೆ. ಅದಕ್ಕೂ ಮೊದಲೇ ಕೋಲತ್ತಿರಿಗಳ ಕಾಲದಲ್ಲಿ ಇಲ್ಲೊಂದು ಸಣ್ಣ ಕೋಟೆಯಿತ್ತು ಎಂಬ ವಾದವೂ ಇದೆ. ಒಳ್ಳೆಯ ಬಂಡೆ ತಲೆ ಕಂಡ ಕಡೆ ಪ್ರತಿ ಅರಸನೂ ಹಿಂದಿನವನ ಪಾಯದ ಮೇಲೆ ಗೋಡೆ ಎತ್ತುವುದು ಸಹಜ. ಈಗ ಕಾಣುವ ಕೋಟೆಯ ಹರವು, ಯೋಜನೆ ಮಾತ್ರ ಇಕ್ಕೇರಿಯವರದು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಮುರಕಲ್ಲಿನ ಲೆಕ್ಕಾಚಾರ

ಸುಮಾರು 40 ಎಕರೆ ಹರಡಿದ ಬೇಕಲ ಇಂದಿನ ಕೇರಳದ ಅತಿ ದೊಡ್ಡ ಕೋಟೆ. ಸಮುದ್ರ ಮಟ್ಟದಿಂದ ಸುಮಾರು 130 ಅಡಿ ಎತ್ತರದ ದಿಬ್ಬ. ಮೇಲಿಂದ ನೋಡಿದರೆ ಬೀಗದ ಕಂಡಿಯ ಆಕಾರ. ಹೊರ ಅಂಚಿನ ಬಹುಪಾಲಿಗೆ ಕಡಲೇ ಕಾವಲು. ನೆಲ ಅಂಟಿದ ಕಡೆಗೆ ಮಾತ್ರ ಕಂದಕ ತೋಡಿ, ಬಾಗಿಲನ್ನು ನೇರವಾಗಿಡದೆ ಅಂಕುಡೊಂಕಾಗಿ ತಿರುಗಿಸಿದ್ದಾರೆ. ನುಗ್ಗಿ ಬಂದ ಸೇನೆ ತಿರುವಿನಲ್ಲಿ ವೇಗ ಕಳೆದುಕೊಳ್ಳಬೇಕು, ಮೇಲಿನ ಗೋಡೆಯಲ್ಲಿ ಕಾದವರಿಗೆ ಅಷ್ಟೇ ಸಾಕು.

ಇಡೀ ಕೋಟೆ ಮುರಕಲ್ಲಿನದು. ನಮ್ಮ ಮನೆಗಳ ಗೋಡೆಯ ಅದೇ ಕೆಂಪು ಕಲ್ಲು. ನೆಲದಡಿ ಇರುವಾಗ ಕತ್ತಿಗೂ ಕೊಡಲಿಗೂ ಬಗ್ಗುವಷ್ಟು ಮೆದು, ಹೊರ ತೆಗೆದು ಗಾಳಿಗೆ ಬಿಟ್ಟರೆ ವರ್ಷ ಕಳೆದಂತೆ ಗಟ್ಟಿ. ಈ ಗುಣದಿಂದಲೇ ಕಾಸರಗೋಡು, ಪುತ್ತೂರು, ಸುಳ್ಯದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡ ಸುರಂಗ ಕೊರೆಯಲು ಸಾಧ್ಯವಾದದ್ದು. ಅದೇ ಗುಣದಿಂದ ಕೋಟೆ ಕಟ್ಟುವುದೂ ಅಗ್ಗವಾಯಿತು. ಕಲ್ಲು ದೂರದಿಂದ ಹೊರಬೇಕಾಗಿಲ್ಲ. ಕಂದಕ ತೋಡಿದ ಕಲ್ಲೇ ಗೋಡೆಗಾಗುತ್ತದೆ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ (ಕೆನರಾ), ಮಲಬಾರು ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು ‘ಲ್ಯಾಟರೈಟ್’ ಎಂದು ಕರೆದ. ಇವತ್ತು ಆಫ್ರಿಕದಿಂದ ಬ್ರೆಜಿಲ್ ತನಕ ಭೂವಿಜ್ಞಾನಿಗಳು ಬಳಸುವ ಹೆಸರು ಅದು. ಅದೇ ಪ್ರಯಾಣದಲ್ಲಿ ಅವನು ಈ ಕರಾವಳಿಯ ದಾರಿಯಾಗಿ ಬಡಗಿಗೆ ಸಾಗಿದ್ದ.

ಕೋಟೆಯೊಳಗೆ ಜಾಣತನ ಕಾಣುವುದು ಗೋಡೆಯ ಕೋವಿಕಂಡಿಗಳಲ್ಲಿ. ಒಂದೇ ಕಡೆ ಮೂರು ಬಗೆಯ ರಂಧ್ರಗಳಿವೆ. ಮೇಲಿನದರಿಂದ ಗುರಿ ಹಿಡಿದರೆ ದೂರದ ಶತ್ರು, ನಡುವಿನದರಿಂದ ಇನ್ನಷ್ಟು ಹತ್ತಿರ ಬಂದವನು, ಕೆಳಗಿನದರಿಂದ ಗೋಡೆಯ ಬುಡಕ್ಕೇ ಮುಟ್ಟಿದವನು. ಕಣ್ಣಿಟ್ಟು ನೋಡಿದರೆ ಒಂದೊಂದು ಕಂಡಿಯೂ ಕಡಲಿನ ಬೇರೆ ಬೇರೆ ತುಂಡನ್ನು ತೋರಿಸುತ್ತದೆ. ಇಂದು ಮಕ್ಕಳು ಅಲ್ಲಿಂದ ಅಲೆ ನೋಡಿ ನಗುತ್ತಾರೆ. ಕಟ್ಟಿದವರಿಗೆ ಅದು ಕೋವಿಯ ದೂರ ಅಳೆಯುವ ಉಪಾಯ.

ನಡುವೆ ವೀಕ್ಷಣಾ ಗೋಪುರ. ಮದ್ದುಗುಂಡು, ಫಿರಂಗಿ ಎಳೆದೊಯ್ಯಲು ಅನುಕೂಲವಾಗುವಂತೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ಇದೆ. ಮೇಲೆ ನಿಂತರೆ ತೆಂಕಿಗೆ ಕಾಞಂಗಾಡು, ಪಳ್ಳಿಕೆರೆ, ಬಡಗಿಗೆ ಕೋಟಿಕುಳಂ, ಉದುಮದ ಕಡೆ ಕಣ್ಣು ಹಾಯುತ್ತದೆ. ಗೋಪುರ ಟಿಪ್ಪುವಿನ ಕಾಲದ್ದೆಂಬ ಮಾತು ಪ್ರಚಾರದಲ್ಲಿದೆ. ಮೆಟ್ಟಿಲು ಕಟ್ಟಿದ ಕೊಳ, ಮದ್ದಿನ ಮನೆ, ತೆಂಕು ಬದಿಗೆ ತೆರೆಯುವ ಸುರಂಗದ ದಾರಿ ಉಳಿದಿವೆ.

ಒಳಗೆ ಅರಮನೆಯ ಗುರುತಿಲ್ಲ, ಆದ್ದರಿಂದ ಇದು ಬರೀ ಸೇನೆಯ ಕೋಟೆ ಎಂದು ಬಹಳ ಕಾಲ ಹೇಳುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಆ ಮಾತು ಸಡಿಲಾಯಿತು. ಮಣ್ಣಿನಡಿಯಿಂದ ಇಕ್ಕೇರಿ ಮತ್ತು ಟಿಪ್ಪುವಿನ ಕಾಲದ ಕಟ್ಟಡಗಳ ಪಾಯ ಎದ್ದು ಬಂತು. ಕಾವಲಿನವರ ಜತೆ ಆಡಳಿತದವರೂ ಇಲ್ಲಿ ಬಾಳಿದ್ದರು ಎಂದು ಒಪ್ಪಬೇಕಾಯಿತು.

ಕೋಟೆಗೆ ಬಂದು ಉಳಿದವರು

ಅರಸರು ಗೋಡೆ ಕಟ್ಟಿಸಬಹುದು, ಕಾಯಲು ಆಳು ಬೇಕು. ಇಕ್ಕೇರಿಯವರು ಅದಕ್ಕೆಂದು ಬಡಗಿನಿಂದ, ಕುಂದಾಪುರ–ಹೊನ್ನಾವರದ ಕಡೆಯಿಂದ ಜನರನ್ನು ಕರೆತಂದರು. ಕೋಟೆಯ ಪಕ್ಕದಲ್ಲೇ ಬೀಡುಬಿಟ್ಟ ಅವರನ್ನು ಊರು ‘ಕೋಟೆಯವರು’ ಎಂದೇ ಕರೆಯಿತು. ಸಮುದಾಯದ ಹೆಸರು ರಾಮಕ್ಷತ್ರಿಯ. ಮಂಗಳೂರು, ಕಾಸರಗೋಡು, ಬೇಕಲ, ಹೊಸದುರ್ಗ, ಎಲ್ಲೆಲ್ಲಿ ಇಕ್ಕೇರಿಯ ಕೋಟೆಯಿದೆಯೋ ಅಲ್ಲೆಲ್ಲ ಇವರ ಮನೆಗಳಿವೆ.

ಆಳಿದವರ ವಂಶ 1763ರಲ್ಲಿ ಮುಗಿಯಿತು. ಸಂಬಳ ಕೊಡುವ ದೊರೆ ಇಲ್ಲವಾದ ಮೇಲೂ ಕೋಟೆಯವರು ತಿರುಗಿ ಹೋಗಲಿಲ್ಲ. ಸುತ್ತ ಮಲಯಾಳ, ಸ್ವಲ್ಪ ಬಡಗಿಗೆ ಹೋದರೆ ತುಳು, ಮನೆಯೊಳಗೆ ಕನ್ನಡ. ಆ ಕನ್ನಡ ಇಂದಿಗೂ ಉಳಿದಿದೆ. ತೆಂಕುನಾಡಿನ ಐತಿಹ್ಯಗಳನ್ನು ಹುಡುಕಿ ಹುಡುಕಿ ಕನ್ನಡದಲ್ಲಿ ಕಥೆಯಾಗಿ ಬರೆದಿಟ್ಟ ಬೇಕಲ ರಾಮನಾಯಕರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡವರು. ಯಾವ ಶಾಸನದಲ್ಲೂ ಇಲ್ಲದ ಪಾಳೆಯಗಾರರ, ಭೂತಗಳ, ಬಂಡೆದ್ದವರ ನೆನಪು ಅಂಥವರಿಂದಾಗಿ ಅಚ್ಚಿಗೆ ಬಂತು.

ಕೋಟೆಯ ಬಾಗಿಲ ಬಳಿಯಲ್ಲೇ ಆಂಜನೇಯನ ಗುಡಿ. ಸ್ವಲ್ಪ ಆಚೆ ಹಳೆಯ ಮಸೀದಿ. ಟಿಪ್ಪು ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಇಕ್ಕೇರಿಯ ಕಾವಲಿನವರು ಬಾಗಿಲಿಗೆ ಹನುಮನನ್ನು ನಿಲ್ಲಿಸುವುದು ವಾಡಿಕೆಯಾಗಿತ್ತು. ಫಿರಂಗಿಗಳು ಹೋಗಿ ಶತಮಾನಗಳಾದರೂ ಗುಡಿಯ ಗಂಟೆ, ಮಸೀದಿಯ ಬಾಂಗು ಎರಡೂ ನಿಂತಿಲ್ಲ.

ಸೇನೆಯಿಂದ ಕಚೇರಿಗೆ

1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ರಾಣಿ ವೀರಮ್ಮಾಜಿ ಸೆರೆಯಾದಳು, ಇಕ್ಕೇರಿಯ ಕರಾವಳಿಯೆಲ್ಲ ಮೈಸೂರಿಗೆ ಸೇರಿತು. ಬೇಕಲದ ಪಾತ್ರ ಬದಲಾಯಿತು. ಇಕ್ಕೇರಿಯವರಿಗೆ ಅದು ನಾಡಿನ ಕೊನೆಯ ಬಾಗಿಲು. ಹೈದರ್ ಮತ್ತು ಟಿಪ್ಪುವಿಗೆ ಮಲಬಾರಿನೊಳಗೆ ನುಗ್ಗುವ ಮೊದಲ ಮೆಟ್ಟಿಲು. ಸೇನೆಗೆ ಅಕ್ಕಿ, ಮದ್ದು, ಕುದುರೆಯ ಹುಲ್ಲು ಇಲ್ಲಿ ದಾಸ್ತಾನಾದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಕಂಪನಿಗೆ ಬಿಟ್ಟುಕೊಡಬೇಕಾಗಿ ಬಂದಾಗ ಬೇಕಲ ಮತ್ತೆ ಗಡಿಕೋಟೆಯಾಯಿತು. ಈ ಸಲ ಗಡಿಯಾಚೆ ಇದ್ದದ್ದು ಇಂಗ್ಲಿಷರು. ಏಳೇ ವರ್ಷದಲ್ಲಿ, 1799ರಲ್ಲಿ, ಟಿಪ್ಪು ಸತ್ತ. ಕನ್ನಡ ಜಿಲ್ಲೆಯೂ ಕಂಪನಿಯದಾಯಿತು. ಎರಡೂ ಬದಿ ಒಬ್ಬನದೇ ಆದ ಮೇಲೆ ಗಡಿಕೋಟೆಗೆ ಏನು ಕೆಲಸ?

ಕಂಪನಿ ಕೋಟೆಯನ್ನು ಬಿಟ್ಟು ಊರನ್ನು ಹಿಡಿಯಿತು. ಮೊದಲ ಕಲೆಕ್ಟರ್ ತಾಮಸ್ ಮನ್ರೊ ಕಂದಾಯ ಗೊತ್ತುಪಡಿಸಲು ನೋಡಿದ್ದು ಶಿವಪ್ಪ ನಾಯಕನ ಕಂದಾಯದ ಕಟ್ಟಳೆಯಾದ ‘ಶಿಸ್ತಿ’ನ ಲೆಕ್ಕಗಳನ್ನೇ. ಬೇಕಲ ತಾಲೂಕು ಹುಟ್ಟಿತು. ಕೋವಿ ಹಿಡಿದವರ ಜಾಗಕ್ಕೆ ಲೆಕ್ಕ ಬರೆಯುವವರು, ತಹಶೀಲ್ದಾರರು ಬಂದರು.

ಆ ಹೊಸ ಕಂದಾಯದ ಬಿಸಿ ತಟ್ಟಿದ್ದು ಘಟ್ಟದ ತಪ್ಪಲಿಗೂ. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಸೀಮೆ 1834ರಲ್ಲಿ ಕನ್ನಡ ಜಿಲ್ಲೆಗೆ ಸೇರಿತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ದುಡ್ಡಿನಲ್ಲೇ ಕೊಡಿ ಎಂದಾಗ, ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬಂಡಾಯವಾಯಿತು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳಾಗಿ 1837ರಲ್ಲಿ ಎದ್ದ ದಂಡಿನ ಒಂದು ಪಂಗಡ ಕುಂಬಳೆ, ಕಾಸರಗೋಡಿನ ದಾರಿ ಹಿಡಿಯಿತು. ಮುಖ್ಯ ದಂಡು ಮಂಗಳೂರು ಸೇರಿ 13 ದಿನ ಅಲ್ಲಿ ಬಾವುಟ ಹಾರಿಸಿತು. ಗುಡ್ಡದ ರೈತರು ಕಡಲ ಕಡೆ ನಡೆದದ್ದು ಅಂದು ಗಾಳಿ ಸೇವನೆಗೆ ಅಲ್ಲ.

ಹತ್ತೊಂಬತ್ತನೇ ಶತಮಾನದಲ್ಲೇ ತಾಲೂಕಿನ ಪಟ್ಟ ಕಾಸರಗೋಡಿಗೆ ಹೋಯಿತು. 1907ರಲ್ಲಿ ರೈಲು ಮಂಗಳೂರು ಮುಟ್ಟಿದಾಗ ಹಳಿ ಬೇಕಲದ ಬದಿಯಿಂದಲೇ ಹಾದುಹೋಯಿತು. ಸರಕು ಹಡಗು ಬಿಟ್ಟು ರೈಲು ಹತ್ತಿದ್ದರಿಂದ ಸಣ್ಣ ಬಂದರುಗಳು ಒಂದೊಂದಾಗಿ ಮಂಕಾದವು. ಕೋಟೆಯ ಗೋಡೆಯಲ್ಲಿ ಹುಲ್ಲು ಬೆಳೆಯಿತು. ಸೇನೆ ಹೋಯಿತು, ಕಚೇರಿ ಹೋಯಿತು. ಮೀನುಗಾರರು, ಕೋಟೆಯವರು, ಅಂಗಡಿಯವರು ಇದ್ದಲ್ಲೇ ಇದ್ದರು.

ಹೊಳೆಯ ಆಚೆ, ಈಚೆ

ಹಳಬರ ಪಾಲಿಗೆ ಚಂದ್ರಗಿರಿ ಹೊಳೆ ಎರಡು ನಾಡುಗಳ ನಡುವಿನ ಗೆರೆ. ಬಡಗಿಗೆ ತುಳುನಾಡು, ತೆಂಕಿಗೆ ಮಲಯಾಳ. ಹೊಳೆ ದಾಟಿ ಬಡಗಿಗೆ ಬರಲು ನಾಯರ್ ಹೆಂಗಸರಿಗೆ ಕಟ್ಟುಪಾಡಿತ್ತು ಎಂಬ ಹೇಳಿಕೆಯೂ ಇದೆ. ಆದರೆ ಆಡಳಿತದ ಗೆರೆ ಹೊಳೆಯ ಮೇಲೆಯೇ ನಿಲ್ಲಲಿಲ್ಲ. ಇಕ್ಕೇರಿಯವರು ಅದನ್ನು ತೆಂಕಿಗೆ ತಳ್ಳಿದರು, ಬ್ರಿಟಿಷರು ತಳ್ಳಿದಲ್ಲೇ ಬಿಟ್ಟರು. ಹಾಗಾಗಿ ಬೇಕಲ, ಹೊಸದುರ್ಗ ಎಲ್ಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಉಳಿದವು. ಆಗ ಪುತ್ತೂರು ತಾಲೂಕಿಗೆ ಸೇರಿದ್ದ ಸುಳ್ಯಕ್ಕೂ ಬೇಕಲಕ್ಕೂ ಒಂದೇ ಜಿಲ್ಲಾ ಕೇಂದ್ರ.

1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಲ್ಲಿ ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಆದೂರು, ದೇಲಂಪಾಡಿ ಆಚೆಗಾದವು, ಮಂಡೆಕೋಲು ಈಚೆಗುಳಿಯಿತು. ನಿನ್ನೆಯ ನೆರೆಮನೆ ಬೆಳಗಾಗುವಷ್ಟರಲ್ಲಿ ಹೊರರಾಜ್ಯ. ಮುಂದೆ ಕಾಸರಗೋಡನ್ನು ಒಡೆದು ಹೊಸದುರ್ಗ ತಾಲೂಕು ಮಾಡಿದಾಗ ಬೇಕಲ ಅದಕ್ಕೆ ಸೇರಿತು. 1984ರ ಮೇ 24ರಂದು ಎರಡೂ ಕೂಡಿ ಕಾಸರಗೋಡು ಜಿಲ್ಲೆಯಾಯಿತು.

ಕರ್ನಾಟಕದೊಂದಿಗೆ ಕಾಸರಗೋಡಿನ ವಿಲೀನಕ್ಕಾಗಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬಾಳಿನುದ್ದಕ್ಕೂ ಹೋರಾಡಿದರು. 1967ರ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಜಾರಿಯಾಗಲಿಲ್ಲ. ಜಾರಿಯಾಗಿದ್ದರೂ ಹೊಳೆಯ ತೆಂಕಿಗಿರುವ ಬೇಕಲ ಕೇರಳದಲ್ಲೇ ಉಳಿಯುತ್ತಿತ್ತು. ಕನ್ನಡ ದೊರೆ ಕಟ್ಟಿದ ಕೋಟೆ, ಕನ್ನಡದ ಹೋರಾಟದ ನಕ್ಷೆಗೂ ಹೊರಗೆ. ಸುತ್ತಲಿನ ಜನ ಆಡುವ ಮಾತು ಮಲಯಾಳ. ಅದು ಅವರ ನಾಡು ಎಂಬುದರಲ್ಲಿ ತಕರಾರಿಲ್ಲ. ಗೋಡೆ ಕಟ್ಟಿದವರ ಭಾಷೆಯಿಂದ ನೆಲದ ಒಡೆತನ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಬೇಕಲಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತೀರದವರ ಕಡಲು

ಕೋಟೆಯ ಚರಿತ್ರೆಗೆ ಸಮಾನಾಂತರವಾಗಿ ಇಲ್ಲಿ ಇನ್ನೊಂದು ಚರಿತ್ರೆಯಿದೆ. ಅದರಲ್ಲಿ ದೊರೆಗಳಿಲ್ಲ.

ಕೋಟೆಯ ಬಡಗಿಗೆ ಕಡಲ ತೀರದಲ್ಲೇ ತೃಕ್ಕನ್ನಾಡಿನ ತ್ರ್ಯಂಬಕೇಶ್ವರ. ಎದುರು ಸಮುದ್ರದೊಳಗೆ ‘ಪಾಂಡ್ಯನ್ ಕಲ್ಲು’ ಎಂಬ ಬಂಡೆ. ಹಡಗಿನಲ್ಲಿ ದಂಡೆತ್ತಿ ಬಂದ ಪಾಂಡ್ಯರಾಜನ ಮೇಲೆ ದೇವರು ಮುನಿದ, ಹಡಗು ಕಲ್ಲಾಯಿತು ಎಂಬುದು ಐತಿಹ್ಯ. ಶಿವಪ್ಪ ನಾಯಕ ಮುರಕಲ್ಲು ಪೇರಿಸಿ ಮಾಡಿದ ಕೆಲಸವನ್ನು ತೃಕ್ಕನ್ನಾಡಿನ ಶಿವ ಒಂದು ನೋಟದಲ್ಲಿ ಮಾಡಿ ಮುಗಿಸಿದನೆಂದು ಜನ ನಂಬಿದ್ದಾರೆ. ಕರ್ಕಾಟಕದ ಅಮಾವಾಸ್ಯೆಗೆ, ಅಂದರೆ ನಮ್ಮ ಆಟಿ ಅಮಾವಾಸ್ಯೆಗೆ, ತೀರದ ಮರಳಲ್ಲಿ ಸಾಲಾಗಿ ಕೂತು ಹಿರಿಯರಿಗೆ ಎಡೆಯಿಡುತ್ತಾರೆ. ಅದೇ ಬೆಳಗ್ಗೆ ಸುಳ್ಯದ ಮನೆಗಳಲ್ಲಿ ಹಾಲೆಮರದ ಕಷಾಯ ಕುಡಿಯುತ್ತಿರುತ್ತಾರೆ. ಗಡಿಯ ಎರಡೂ ಕಡೆ ತಿಂಗಳು ಒಂದೇ, ಮಳೆ ಒಂದೇ, ಹಿರಿಯರ ನೆನಪಿನ ದಿನವೂ ಒಂದೇ.

ಪಾಲಕುನ್ನು ಭಗವತಿಯ ಭರಣಿ ಉತ್ಸವಕ್ಕೆ ಸುತ್ತಣ ಊರೆಲ್ಲ ಸೇರುತ್ತದೆ. ತುಲಾ ಮಾಸದಿಂದ ಮಳೆಗಾಲ ಹಿಡಿಯುವ ತನಕ ತರವಾಡು ಮನೆಗಳಲ್ಲಿ, ಕಾವುಗಳಲ್ಲಿ ತೆಯ್ಯಂ. ಮಂಡೆಕೋಲಿನಲ್ಲಿ ಭೂತಕೋಲ ನೋಡಿ ಬೆಳೆದವನಿಗೆ ಆ ಮುಖವರ್ಣಿಕೆ, ಆ ಸೂಟೆಯ ಬೆಳಕು, ಆ ನುಡಿಗಟ್ಟಿನ ಏರಿಳಿತ ಅಪರಿಚಿತ ಅನ್ನಿಸದು. ಪಾತ್ರಿ ಮಾತಾಡುವ ಭಾಷೆಯಷ್ಟೇ ಬೇರೆ.

ಇನ್ನು ಮೀನು. ಕೋಟಿಕುಳಂ, ಬೇಕಲ, ಪಳ್ಳಿಕೆರೆಯ ತೀರದ ಮನೆಗಳಿಗೆ ಕಡಲೆಂದರೆ ದುಡಿಮೆ. ಕೇರಳದಲ್ಲಿ ಜೂನ್ 10ರಿಂದ ಜುಲೈ 31ರವರೆಗೆ 52 ದಿನ ಯಾಂತ್ರಿಕ ಟ್ರಾಲ್ ಬೋಟುಗಳಿಗೆ ನಿಷೇಧ. ಸಾಂಪ್ರದಾಯಿಕ ದೋಣಿಗಳು ಕಡಲಿನ ಮುಖ ನೋಡಿ ಇಳಿಯುತ್ತವೆ. ಮಲಯಾಳದವರ ಮತ್ತಿ ನಮಗೆ ಬೂತಾಯಿ, ಅವರ ಅಯಲೆ ನಮಗೆ ಬಂಗುಡೆ. ಕಡಲು ಕಾಣದ ಗುಡ್ಡದ ಮನೆಗಳಿಗೆ ಕಡಲಿನ ಮೊದಲ ಪರಿಚಯ ಅಂಗಳಕ್ಕೆ ಬಂದ ಮೀನಿನ ಬುಟ್ಟಿಯಿಂದ, ಮಳೆಗಾಲಕ್ಕೆ ಕಟ್ಟಿಟ್ಟ ಒಣಮೀನಿನಿಂದ, ಉಪ್ಪಿನ ಮರಿಗೆಯಿಂದ.

ಗಾಳಿ ಸೇವನೆಯ ಕಾಲ

ಕಡಲ ದಂಡೆಗೆ ಸುಮ್ಮನೆ ಹೋಗಿ ಕೂರುವುದು ಮನುಷ್ಯನಿಗೆ ಹೊಸದೇನಲ್ಲ. ರೋಮನ್ ಸಿರಿವಂತರು ನೇಪಲ್ಸ್ ಕೊಲ್ಲಿಯ ಬಾಯೆಯಲ್ಲಿ ಬಿಸಿನೀರಿನ ಬುಗ್ಗೆ, ತೀರದ ಬಂಗಲೆ, ಔತಣಗಳಲ್ಲಿ ಮುಳುಗಿದ್ದರು. ನೆಲ ಕುಸಿದು ಆ ಊರಿನ ಒಂದು ಭಾಗ ಈಗ ನೀರಡಿ ಇದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಡಾ. ರಿಚರ್ಡ್ ರಸೆಲ್ ರೋಗಿಗಳಿಗೆ ಸಮುದ್ರದ ನೀರನ್ನು ಕುಡಿಯಲೂ ಮೀಯಲೂ ಬರೆದುಕೊಟ್ಟ. ಅವನನ್ನು ಹುಡುಕಿಕೊಂಡು ಬಂದವರಿಂದ ಬ್ರೈಟನ್ ಎಂಬ ಮೀನುಗಾರರ ಹಳ್ಳಿ ಮೋಜಿನ ಪಟ್ಟಣವಾಯಿತು. ನಮ್ಮಲ್ಲಿ ಸಮುದ್ರಸ್ನಾನಕ್ಕೆ ಅಮಾವಾಸ್ಯೆ ಬರಬೇಕು, ಗ್ರಹಣ ಹಿಡಿಯಬೇಕು. ಕಾರಣವಿಲ್ಲದೆ ಕಡಲಿಗಿಳಿಯುವುದು ಈಚಿನ ಅಭ್ಯಾಸ.

1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಕೇರಳ ಸರ್ಕಾರ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಸ್ಥಾಪಿಸಿತು. ನಿಗಮ ಜಾಗ ಸ್ವಾಧೀನ ಮಾಡಿಕೊಂಡು, ರಸ್ತೆ–ನೀರು ಕೊಟ್ಟು, ಹೋಟೆಲಿನವರಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡುವುದು ಯೋಜನೆ. ಅದೇ 1995ರಲ್ಲಿ ಮಣಿರತ್ನಂ ಅವರ ‘ಬಾಂಬೆ’ ಚಿತ್ರ ಬಂತು. ಮಳೆಯಲ್ಲಿ ತೊಯ್ದ ಕೊತ್ತಲ, ಕೆಳಗೆ ಬಂಡೆಗೆ ಬಡಿಯುವ ಅಲೆ, ಎ.ಆರ್. ರೆಹಮಾನರ ಹಾಡು, ಹೆಸರು ಗೊತ್ತಿಲ್ಲದವರಿಗೂ ಕೋಟೆಯ ಮುಖ ಪರಿಚಯವಾಯಿತು. ಸರ್ಕಾರದ ಯಾವ ಜಾಹೀರಾತಿಗೂ ಆಗದ್ದನ್ನು ಒಂದು ಹಾಡು ಮಾಡಿತು.

ಹೋಟೆಲುಗಳು ಮಾತ್ರ ನಿಧಾನವಾಗಿಯೇ ಬಂದವು. ಕೆಟ್ಟುವಳ್ಳಂ ದೋಣಿಯ ಮಾದರಿಯಲ್ಲಿ ಮಾಡು ಕಟ್ಟಿದ ತಾಜ್ ಕಪ್ಪಿಲ್ ತೀರದ ಬಳಿ ತಲೆ ಎತ್ತಿತು, ಲಲಿತ್ ಬಂತು. ಪಳ್ಳಿಕೆರೆಯಲ್ಲಿ ಬೀಚ್ ಪಾರ್ಕ್ ಆಯಿತು. ತೆಂಕಿಗೆ ನೀಲೇಶ್ವರದ ಬಳಿಯಿಂದ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಮನೆಗಳು ತೇಲತೊಡಗಿದವು. 2022ರ ಡಿಸೆಂಬರಿನಲ್ಲಿ ಬೇಕಲ ಅಂತಾರಾಷ್ಟ್ರೀಯ ಬೀಚ್ ಉತ್ಸವ ನಡೆದಾಗ ಊರಿನ ರಸ್ತೆಗಳು ತುಂಬಿ ತುಳುಕಿದವು.

ಹಾಗಿದ್ದೂ ಬೇಕಲ ಕೋವಳಂ ಆಗಲಿಲ್ಲ, ಗೋವೆಯಂತೂ ಆಗಲೇ ಇಲ್ಲ. ಇಲ್ಲಿಗೆ ಬರುವ ಹೆಚ್ಚಿನವರು ರಾತ್ರಿ ತಂಗುವವರಲ್ಲ. ಮಂಗಳೂರು, ಪುತ್ತೂರು, ಸುಳ್ಯ, ಕಣ್ಣೂರಿನ ಕುಟುಂಬಗಳು. ಬುತ್ತಿ ಕಟ್ಟಿ ತಂದವರು, ಅಜ್ಜಿಯನ್ನು ನೆರಳಲ್ಲಿ ಕೂರಿಸಿ ಮಕ್ಕಳನ್ನು ಅಲೆಗೆ ಬಿಡುವವರು. ಮಹಾ ಯೋಜನೆಯ ಲೆಕ್ಕದಲ್ಲಿ ಇದು ಸೋಲಿರಬಹುದು. ತೀರ ಇನ್ನೂ ದೋಣಿ ಎಳೆಯುವವರ ಕೈಯಲ್ಲೇ ಉಳಿದಿದೆ ಎಂದು ನೋಡಿದರೆ ಲಾಭ. ಗೇಟು ಹಾಕಿದ ರೆಸಾರ್ಟಿನ ಬೀಚಿಗೂ ಬಲೆ ಒಣಗುವ ಬೀಚಿಗೂ ಮರಳು ಒಂದೇ. ಒಂದರಲ್ಲಿ ನಡೆಯಲು ಕೇಳಬೇಕು, ಇನ್ನೊಂದರಲ್ಲಿ ಕೇಳಬೇಕಿಲ್ಲ.

ಹೋಗುವವರ ಪಾಲು

ಸುಳ್ಯದಿಂದ ಹೊರಡುವವರು ಜಾಲ್ಸೂರು, ಮುಳ್ಳೇರಿಯ, ಬೋವಿಕಾನ, ಚೆರ್ಕಳ ದಾರಿಯಾಗಿ ಕಾಸರಗೋಡು ಸೇರಬಹುದು. ಅಲ್ಲಿಂದ ಬೇಕಲಕ್ಕೆ ಬಸ್ಸಿದೆ. ಪಳ್ಳಿಕೆರೆಯ ರೈಲು ನಿಲ್ದಾಣಕ್ಕೆ ‘ಬೇಕಲ ಫೋರ್ಟ್’ ಎಂದೇ ಹೆಸರು. ಮಧ್ಯಾಹ್ನದ ಬಿಸಿಲಿಗೆ ಕೋಟೆಯಲ್ಲಿ ನೆರಳು ಕಡಿಮೆ, ಬೆಳಗ್ಗೆ ಅಥವಾ ನಾಲ್ಕರ ಮೇಲೆ ಹೋಗುವುದು ಮೇಲು. ದಾರಿಯಲ್ಲಿ ಚಂದ್ರಗಿರಿ ಕೋಟೆಗೂ ಅರ್ಧ ಗಂಟೆ ಕೊಟ್ಟರೆ ಇಕ್ಕೇರಿಯವರು ಯಾಕೆ ಹೊಳೆಗೊಂದು, ಕಡಲಿಗೊಂದು ಕೋಟೆ ಕಟ್ಟಿದರೆಂದು ತಾನಾಗಿ ತಿಳಿಯುತ್ತದೆ. ತೃಕ್ಕನ್ನಾಡಿನಲ್ಲಿ ನಿಂತು ಪಾಂಡ್ಯನ್ ಕಲ್ಲು ನೋಡದೆ ಬಂದರೆ ಊರಿನ ಅರ್ಧ ಕಥೆ ಬಿಟ್ಟುಬಂದಂತೆ.

ಬೇಕಲಕ್ಕೆ ಮಾಡಬೇಕಾದ ಕೆಲಸಗಳೂ ದೊಡ್ಡವೇನಲ್ಲ. ಕೋಟೆಯ ಕಥೆಯನ್ನು ಮಲಯಾಳ, ಇಂಗ್ಲಿಷಿನ ಜತೆ ಕನ್ನಡದಲ್ಲೂ ವಿವರವಾಗಿ ಹೇಳಬೇಕು. ನೋಡಲು ಬರುವವರಲ್ಲಿ ಕನ್ನಡ ಓದುವವರು ಅಷ್ಟು ಜನ ಇದ್ದಾರೆ, ಕಟ್ಟಿದವರ ದಾಖಲೆಗಳೂ ಕನ್ನಡದಲ್ಲೇ ಇವೆ. ಕೋಟೆಯವರ ಮನೆತನಗಳ ನೆನಪನ್ನು, ಮೀನುಗಾರರ ಕಡಲ ಜ್ಞಾನವನ್ನು ಮಾರ್ಗದರ್ಶಿಗಳ ಬಾಯಿಗೆ ತರಬೇಕು. ಪ್ರವಾಸಿಯ ಹಣ ಹೋಟೆಲಿನ ಗೇಟಿನಲ್ಲೇ ನಿಲ್ಲದೆ ತೀರದ ಮನೆಗಳ ಊಟಕ್ಕೆ, ವಸತಿಗೆ, ದೋಣಿಗೆ ಹರಿಯಬೇಕು.

ಇಷ್ಟು ಕಾಲ ಈ ಊರಿಗೆ ಗರಜು ಹೊತ್ತು ಬಂದವರು ರಾಜರು, ಕಂಪನಿಗಳು, ನಿಗಮಗಳು. ಅವರು ಕೇಳಿದ್ದನ್ನು ಬೇಕಲ ಕೊಟ್ಟಿತು: ಕೋಟೆ ಕೇಳಿದವರಿಗೆ ಕೋಟೆ, ಕಚೇರಿ ಕೇಳಿದವರಿಗೆ ಕಚೇರಿ, ಚಿತ್ರ ತೆಗೆಯುವವರಿಗೆ ಚಿತ್ರ. ಈಗ ಬರುತ್ತಿರುವ ಹೊರಗಿನವರು ನಾವು. ಟಿಕೆಟು ಕೊಂಡು ಕೊತ್ತಲ ಹತ್ತಿ ಸೆಲ್ಫಿ ಮಾತ್ರ ಕೇಳಿದರೆ ಊರು ಅಷ್ಟನ್ನೇ ಕೊಡುವುದನ್ನು ಕಲಿಯುತ್ತದೆ. ಕಥೆ ಕೇಳಿದರೆ, ಮನೆಯ ಊಟ ಕೇಳಿದರೆ, ತೃಕ್ಕನ್ನಾಡಿನ ದಾರಿ ಕೇಳಿದರೆ, ಅವುಗಳನ್ನು ಉಳಿಸಿಟ್ಟುಕೊಳ್ಳಲು ಊರಿನವರಿಗೂ ಒಂದು ಕಾರಣ ಸಿಗುತ್ತದೆ.